ಕಿಟ್ಟಣ್ಣನ ಮೊಣಕಾಲೂ ಮೊದಲ ಮೇಜಿನ ಪ್ಲೇಟೂ

ನಾಸಿಕದ ರವಿವಾರ ಕಾರಂಜಾ ಎಂಬ ಚೌಕದಿಂದ ಗೋದಾವರಿಯ ಕಡೆಗೆ ಇಳಿಯುವ ಬೀದಿಯಲ್ಲಿ ಶ್ರೀ ಸಿದ್ಧಿವಿನಾಯಕ ಉಪಾಹಾರ ಗೃಹ ಎಂಬ ಹೋಟೆಲಿತ್ತು. ಮಾಲೀಕ ಕೋಟದ ಕಿಟ್ಟಣ್ಣ. ಆ ಹೋಟೆಲಿನಲ್ಲಿ ದಿನದ ಮೊದಲ ಗಿರಾಕಿ ಯಾವತ್ತೂ ಮಾಲೀಕನೇ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಅವನು ಬೀದಿಗೆ ಮುಖ ಮಾಡಿದ ಮೊದಲ ಮೇಜಿನಲ್ಲಿ ಕೂರಬೇಕು. ಎರಡು ಇಡ್ಲಿ, ಸಾಂಬಾರಿನಲ್ಲಿ ಮುಳುಗಿದ ಒಂದು ಉದ್ದಿನ ವಡೆ, ಒಂದು ಲೋಟ ಕಾಫಿ ಮುಗಿಸಿ, ಬಾಯೊರೆಸಿಕೊಂಡು ಗಲ್ಲಾಕ್ಕೆ ಹೋಗಬೇಕು. ಉಳಿದವರಿಗೆ ಪ್ಲೇಟು ಆಮೇಲೆ.

ಈ ಪದ್ಧತಿ ಹಾಕಿದವರು ಹೋಟೆಲು ಕಟ್ಟಿದ ಸೋದರಮಾವ. ವಯಸ್ಸಾಗಿ ಊರಿಗೆ ಮರಳುವಾಗ ಅವರು ಕೀಲಿಕೈಯ ಜೊತೆಗೆ ಒಂದು ಮಾತನ್ನೂ ಕೊಟ್ಟು ಹೋಗಿದ್ದರು: ಮನೆಯ ಒಬ್ಬರು ತಿಂದು ತೋರಿಸದೆ ಗಿರಾಕಿಗೆ ಏನನ್ನೂ ಹಾಕಕೂಡದು, ಆ ಮೇಜು ಖಾಲಿ ಬಿದ್ದಿತೆಂದು ಕಿವಿಗೆ ಬಿದ್ದರೆ ಕೀಲಿಕೈ ವಾಪಸು. ಮಾವನ ಕಿವಿ ಕೋಟದಲ್ಲಿದ್ದರೂ ನಾಸಿಕದವರೆಗೆ ಉದ್ದವಿತ್ತು.

ಈ ತಿನ್ನುವಿಕೆಗೆ ಪ್ರೇಕ್ಷಕರಿದ್ದರು. ಅಂಚೆ ಇಲಾಖೆಯಿಂದ ನಿವೃತ್ತರಾದ ನಾನಾ ಪಟವರ್ಧನರೂ ಅವರ ವಯಸ್ಸಿನ ನಾಲ್ವರೂ ಗೋದಾವರಿಯಲ್ಲಿ ಮುಳುಗಿ, ಒದ್ದೆ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಿಟ್ಟಣ್ಣ ವಡೆಯ ಮೊದಲ ತುಂಡನ್ನು ನುಂಗಿದನೆಂದರೆ ನಾನಾ ತಲೆಯಾಡಿಸುವರು, ಐವರೂ ಒಳಗೆ ಬರುವರು. ಮುಂದಿನ ಅರ್ಧ ಗಂಟೆ ಆ ಮಂಡಳಿಯ ಬಾಯಿಂದ ವಡೆಯ ಸದ್ದಲ್ಲದೆ ಬೇರೇನೂ ಕೇಳುತ್ತಿರಲಿಲ್ಲ.

೧೯೬೮ರ ಚಳಿಗಾಲದಲ್ಲಿ ಕಿಟ್ಟಣ್ಣನ ಮೊಣಕಾಲುಗಳು ತಕರಾರು ತೆಗೆದವು. ಮೊದಲ ಮೇಜಿನಿಂದ ಏಳಲು ಅವನು ಮೇಜಿನ ಅಂಚನ್ನು ಹಿಡಿಯಬೇಕಾಯಿತು. ಮೇಜು ಕಿರುಗುಟ್ಟಿತೋ ಮೊಣಕಾಲೋ ಎಂದು ಹೇಳುವುದು ಕಷ್ಟವಾಯಿತು. ಮೈಯಲ್ಲಿ ತ್ರಾಣವಿಲ್ಲ. ಹನ್ನೊಂದು ಗಂಟೆಗೆಲ್ಲ ಗಲ್ಲಾದ ಮೇಲೆ ಗಲ್ಲವಿಟ್ಟು ನಿದ್ದೆ. ಯಜಮಾನರು ಲೆಕ್ಕದಲ್ಲಿ ಮುಳುಗಿದ್ದಾರೆಂದು ಗಿರಾಕಿಗಳು ಮೆಲ್ಲಗೆ ಮಾತಾಡುತ್ತಿದ್ದರು. ಗೊರಕೆ ಕೇಳಿದ ಮೇಲೆ ಜೋರಾಗಿ ಮಾತಾಡತೊಡಗಿದರು.

"ಪಂಚವಟಿಯಲ್ಲಿ ದೇವಧರ ವೈದ್ಯರು ಅಂತ ಇದ್ದಾರಂತೆ. ಹೋಗಿ ಬನ್ನಿ," ಎಂದಳು ಹೆಂಡತಿ ಜಲಜಾಕ್ಷಿ.

"ನನಗೆ ಎಂತ ಆಗಿದೆ ಅಂತ ವೈದ್ಯರು?"

"ಎಂತ ಆಗಿದೆ ಅಂತ ಅವರು ಹೇಳ್ತಾರೆ. ಅದಕ್ಕೇ ಅವರನ್ನು ವೈದ್ಯರು ಅನ್ನುದು."

ದೇವಧರ ವೈದ್ಯರು ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆಳಿಗ್ಗೆ ಏನು ತಿನ್ನುತ್ತೀರಿ ಎಂದು ಕೇಳಿದರು. ಕಿಟ್ಟಣ್ಣ ಹೇಳಿದ.

"ಮಧ್ಯಾಹ್ನ?"

"ದೋಸೆ."

"ಸಂಜೆ?"

"ವಡೆ ಉಳಿದಿದ್ದರೆ ವಡೆ. ಉಳಿಯದಿದ್ದರೆ ಉದ್ದಿನ ಹಪ್ಪಳ."

ವೈದ್ಯರು ನಾಡಿಯನ್ನು ಕೆಳಗಿಟ್ಟರು. ಇನ್ನು ಅದರಿಂದ ತಿಳಿಯಬೇಕಾದದ್ದು ಏನೂ ಉಳಿದಿರಲಿಲ್ಲ. "ಉದ್ದು ಬಿಡಿ. ಹುಳಿ ಬಂದ ಹಿಟ್ಟು ಬಿಡಿ. ಹುಣಸೆ, ಕರಿದದ್ದು, ಕಾಫಿ ಬಿಡಿ. ಜೋಳದ ರೊಟ್ಟಿ, ಹೆಸರುಬೇಳೆ ತೊವ್ವೆ, ಮೆಂತ್ಯದ ಸೊಪ್ಪು, ಬಿಸಿನೀರು. ಆಮೇಲೆ ನೋಡೋಣ."

"ಅಂದರೆ ಹೋಟೆಲನ್ನೇ ಬಿಟ್ಟ ಹಾಗಾಯಿತಲ್ಲ, ಮಹಾರಾಜ್."

"ಹೋಟೆಲು ನಡೆಸಿ, ಯಾರು ಬೇಡವೆಂದರು? ನೀವು ಅಲ್ಲಿ ತಿನ್ನಬೇಡಿ, ಅಷ್ಟೇ."

ತೂಗುಸೇತುವೆಯ ಮೇಲೆ ನಡೆಯುವವನ ಹಾಗೆ ಕಿಟ್ಟಣ್ಣ ಗೋದಾವರಿ ದಾಟಿ ಬಂದ. ದಾರಿಯುದ್ದಕ್ಕೂ ಅವನು ಯೋಚಿಸಿದ್ದು ಹೀಗೆ: ಮೊಣಕಾಲು ನೋವು, ವೈದ್ಯರು ಉದ್ದು ಬೇಡ ಎಂದಿದ್ದಾರೆ ಎಂದು ನಿಜ ಹೇಳಿದರೆ, ಕಿಟ್ಟಣ್ಣನ ಮೊಣಕಾಲನ್ನು ಕಿಟ್ಟಣ್ಣನ ವಡೆಯೇ ತಿಂದಿತು ಎಂದು ಸಂಜೆಯೊಳಗೆ ಬೀದಿ ಹೇಳುತ್ತದೆ. ಆದ್ದರಿಂದ ಏನೂ ಹೇಳಕೂಡದು. ಹೆಂಡತಿಯನ್ನು ಬಿಟ್ಟು ಯಾರಿಗೂ. ಈ ಪ್ರಕರಣದಲ್ಲಿ ಅವನು ಮಾಡಿದ ತಪ್ಪು ಇದೊಂದೇ. ಮುಂದಿನವೆಲ್ಲ ಇದರ ಮರಿಗಳು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಕಿಟ್ಟಣ್ಣ ಮೊದಲ ಮೇಜನ್ನು ನೋಡದವನಂತೆ ದಾಟಿ ನೇರವಾಗಿ ಗಲ್ಲಾದ ಹಿಂದೆ ಹೋಗಿ ಕೂತ. ಬಾಗಿಲಲ್ಲಿ ಐದು ಒದ್ದೆ ಪಂಚೆಗಳು ನಿಂತಲ್ಲೇ ನಿಂತವು. ಅವರು ಆಡಿದ್ದು ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

"ಕಿಟ್ಟಣ್ಣಾ, ಪ್ಲೇಟು?" ಎಂದರು ನಾನಾ.

"ಇವತ್ತು ಏಕಾದಶಿ, ನಾನಾ."

"ಏಕಾದಶಿ ಮೊನ್ನೆ ಹೋಯಿತಲ್ಲ. ಇವತ್ತು ತ್ರಯೋದಶಿ."

"ನಮ್ಮ ಊರಿನ ಲೆಕ್ಕ ಬೇರೆ."

"ಲೆಕ್ಕ ಬೇರೆ ಇರಬಹುದು. ಚಂದ್ರನೂ ಬೇರೆಯೇ?"

ಕಿಟ್ಟಣ್ಣ ಗಲ್ಲಾದೊಳಗೆ ಏನೋ ಹುಡುಕತೊಡಗಿದ. ನಾನಾ ಒಳಗೆ ಬಂದರು, ಕೂತರು, ಇಡ್ಲಿಯನ್ನು ಮಗುಚಿ ಅದರ ಬೆನ್ನು ನೋಡಿದರು, ಮೂಸಿದರು, ತಿಂದರು. ಈ ಇಡ್ಲಿಯ ಬೆನ್ನು ನೋಡುವ ಅಗತ್ಯ ಅವರಿಗೆ ಬಿದ್ದದ್ದು ಅದೇ ಮೊದಲು.

ಎರಡನೆಯ ಬೆಳಿಗ್ಗೆ ಕಿಟ್ಟಣ್ಣ ಇನ್ನೂ ಗಟ್ಟಿಯಾದ ಕಾರಣದೊಂದಿಗೆ ಬಂದ. ತನಗೊಂದು ಹರಕೆ ಇದೆ ಎಂದ.

"ಯಾವ ದೇವರಿಗೆ?"

"ನಮ್ಮ ಊರಿನ ದೇವರಿಗೆ."

"ಯಾತಕ್ಕಾಗಿ?"

ಆ ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ. "ಅದನ್ನು ಹೇಳಿದರೆ ಫಲ ಇಲ್ಲ," ಎಂದ.

ಐವರು ಮುದುಕರಿಗೆ ಇಡೀ ದಿನದ ಕೆಲಸ ಸಿಕ್ಕಿತು. ಗಿರಾಕಿ ತುಂಬಿದ ಹೋಟೆಲು ಇರುವವನು ದೇವರಲ್ಲಿ ಏನು ಬೇಡುತ್ತಾನೆ? ಮಧ್ಯಾಹ್ನದ ಹೊತ್ತಿಗೆ ಅವನು ಪಕ್ಕದ ಊರಾದ ಸಿನ್ನರಿನಲ್ಲಿ ಇನ್ನೊಂದು ಹೋಟೆಲು ತೆರೆಯಲಿದ್ದ. ನಾಲ್ಕು ಗಂಟೆಗೆ ಇದನ್ನು ಮಾರಲಿದ್ದ. ದೀಪ ಹಚ್ಚುವ ವೇಳೆಗೆ ಎಲ್ಲ ಊಹೆಗಳೂ ಸೋಸಿಹೋಗಿ ಒಂದೇ ಉಳಿಯಿತು: ಹರಕೆಯೂ ಇಲ್ಲ, ಏನೂ ಇಲ್ಲ. ವಡೆಯಲ್ಲಿ ಏನೋ ಇದೆ. ಅದು ಮಾಲೀಕನಿಗೆ ಗೊತ್ತಿದೆ.

ಅಡುಗೆಮನೆಯಲ್ಲಿ ಇನ್ನೊಂದು ನ್ಯಾಯ ನಡೆಯಿತು. ಅಡುಗೆಯ ಮುದ್ದಣ್ಣ ಸೌಟನ್ನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟ. "ಎಂತ ಧಣಿ, ಹುಳಿ ಹೆಚ್ಚಾಯ್ತಾ? ಉಪ್ಪು ಹೆಚ್ಚಾಯ್ತಾ? ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನೀವು. ಈಗ ಪ್ಲೇಟೇ ಬೇಡ."

"ನಿನ್ನ ಸಾಂಬಾರಿಗೆ ಎಂತ ಆಗಿದೆ ಮಾರಾಯ. ಚಿನ್ನದಂಥ ಸಾಂಬಾರು."

"ಹಾಗಾದರೆ ಒಂದು ಸೌಟು ಹಾಕ್ತೇನೆ, ಕುಡೀರಿ."

"ಹಸಿವಿಲ್ಲ."

"ಚಿನ್ನಕ್ಕೆ ಹಸಿವು ಎಂತಕ್ಕೆ," ಎಂದು ಮುದ್ದಣ್ಣ ಒಲೆಯ ಕಡೆ ತಿರುಗಿದ. ಆ ದಿನದ ಬೋಂಡಾಗಳು ಕಲ್ಲಿನಂತಿದ್ದವು.

ಇತ್ತ ಮನೆಯಲ್ಲಿ ಜೋಳದ ರೊಟ್ಟಿಯ ಪ್ರಯೋಗ ಸಾಗಿತ್ತು. ಜಲಜಾಕ್ಷಿ ಅಕ್ಕಿಯನ್ನು ಬಲ್ಲ ಹೆಂಗಸು. ಅಕ್ಕಿಯಿಂದ ಅವಳು ಏನನ್ನಾದರೂ ಮಾಡಬಲ್ಲಳು. ಜೋಳದ ಹಿಟ್ಟು ಮಾತ್ರ ಅವಳ ಕೈಗೆ ಬರಲಿಲ್ಲ. ಮೊದಲ ರೊಟ್ಟಿ ತವೆಗೆ ಹೋಗುವ ಮೊದಲೇ ನಾಲ್ಕಾಯಿತು. ಎರಡನೆಯದು ತವೆಯನ್ನು ಬಿಟ್ಟು ಬರಲಿಲ್ಲ. ಮೂರನೆಯದನ್ನು ಕಿಟ್ಟಣ್ಣ ಬೆಳಕಿಗೆ ಹಿಡಿದು ನೋಡಿ, "ಇದನ್ನು ಹಂಚಿನ ಬದಲು ಮಾಡಿಗೆ ಹೊದೆಸಬಹುದು," ಎಂದ.

ಹಿತ್ತಲಿನ ಆಚೆಯ ಮನೆಯಲ್ಲಿ ಭಾಲ್ಕಿಯ ಬಟ್ಟೆ ವ್ಯಾಪಾರಿ ವಿಶ್ವನಾಥಪ್ಪನವರಿದ್ದರು. ಅವರ ಹೆಂಡತಿ ನಾಗಮ್ಮ ಸುಟ್ಟ ವಾಸನೆಗೆ ಬಾಗಿಲಿಗೆ ಬಂದು, ಹಿಟ್ಟಿನ ಸ್ಥಿತಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ತಣ್ಣೀರಾಗ ಕಲಸೀರೇನ್ರಿ ಅಕ್ಕಾರ? ಕುದಿಯೋ ನೀರ ಬೇಕ್ರಿ ಅದಕ್ಕ. ಯಾರಿಗ್ರಿ ರೊಟ್ಟಿ?"

ಜಲಜಾಕ್ಷಿ ಸ್ವರ ತಗ್ಗಿಸಿ ಮೊಣಕಾಲಿನ ವಿಷಯ ಹೇಳಿದಳು. ಯಾರಿಗೂ ಹೇಳಬಾರದು ಎಂದೂ ಹೇಳಿದಳು.

"ನಾ ಯಾಕ ಹೇಳ್ಲಿರಿ. ನಮ್ಮನ್ಯಾಗ ಹೆಂಗೂ ದಿನಾ ಬಡೀತೀನಿ. ಇನ್ನ ನಾಕು ಬಡಿದ್ರ ಕೈ ಏನ್ ಸವೀತದ? ಅಣ್ಣಾರನ್ನ ಮಧ್ಯಾನ್ನ ನಮ್ಮನಿಗೇ ಕಳಸ್ರಿ."

ಹೀಗೆ ಉಡುಪಿ ಹೋಟೆಲಿನ ಮಾಲೀಕ ದಿನವೂ ತನ್ನ ಹೋಟೆಲಿನಲ್ಲಿ ಪಂಕ್ತಿ ತುಂಬಿರುವ ಹೊತ್ತಿಗೆ ಅಡುಗೆಮನೆಯ ಬಾಗಿಲಿನಿಂದ ನುಸುಳಿ, ಹಿತ್ತಲು ದಾಟಿ, ಭಾಲ್ಕಿಯವರ ಮನೆಯಲ್ಲಿ ಉಣ್ಣತೊಡಗಿದ. ರೊಟ್ಟಿಯ ಜೊತೆ ಮೆಂತ್ಯ ಹಾಕಿದ ತೊವ್ವೆ. ಮೊದಲ ದಿನ ಅವನು ರೊಟ್ಟಿಯನ್ನು ವಡೆಯಂತೆ ತೊವ್ವೆಯಲ್ಲಿ ಮುಳುಗಿಸಿ ಕಾಯುತ್ತ ಕೂತ. ನಾಗಮ್ಮ ಮುರಿದು ತೋರಿಸಿಕೊಟ್ಟಳು.

ನಾಗಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ; ಗಂಡನನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ವಿಶ್ವನಾಥಪ್ಪನವರೂ ಮೊಣಕಾಲಿನ ಸುದ್ದಿ ಎತ್ತಲಿಲ್ಲ. ಆದರೆ ಇಂಥ ಗೌರವವನ್ನು ಪೂರ್ತಿ ನುಂಗಿಕೊಂಡಿರುವುದು ಅವರ ಕೈಲಾಗಲಿಲ್ಲ. ಅಂಗಡಿಯಲ್ಲಿ ಧೋತರ ಹರಿಯುತ್ತ, ಯಾರೂ ಕೇಳದಿದ್ದರೂ, "ಹೋಟೆಲ್ ಮಾಲಕರಿಗೇ ನಮ್ಮನಿ ರೊಟ್ಟಿ ಬೇಕಾಗ್ಯದ ನೋಡ್ರಿ. ದಿನಾ ಬರ್ತಾರ," ಎಂದು ಬಿಡುತ್ತಿದ್ದರು. ಧೋತರ ಕೊಂಡವರು ಸುದ್ದಿಯನ್ನು ಬಿಟ್ಟಿಯಾಗಿ ಒಯ್ದರು.

ಇಷ್ಟರಲ್ಲಿ ಮೊಣಕಾಲು ನೋವು ಇಳಿಯಿತು. ಕಿಟ್ಟಣ್ಣ ಏನನ್ನೂ ಹಿಡಿಯದೆ ಏಳುತ್ತಿದ್ದ. ಹನ್ನೊಂದಕ್ಕೆ ನಿದ್ದೆ ಬರುತ್ತಿರಲಿಲ್ಲ. ಹೊಟ್ಟೆ ಒಳಗೆ ಹೋಯಿತು, ಮುಖಕ್ಕೆ ಕಳೆ ಬಂತು. ಒಂದು ದಿನ ಮಾವನ ಕಾಲದ ಭಾರವಾದ ಮರದ ಏಣಿಯನ್ನು ಒಬ್ಬನೇ ಎತ್ತಿ ಬೋರ್ಡಿನ ಧೂಳು ಒರೆಸಿದ. ಬೇರೆ ಯಾವ ಊರಿನಲ್ಲಾದರೂ ಇದು ಸಂತೋಷದ ವಿಷಯವಾಗುತ್ತಿತ್ತು.

"ನೋಡಿದಿರಾ," ಎಂದರು ಬೀದಿಯಲ್ಲಿ ನಿಂತ ನಾನಾ, ತಮ್ಮ ಮಂಡಳಿಗೆ. "ಈ ಹೋಟೆಲಿನ ತಿಂಡಿ ಬಿಟ್ಟ ಮೇಲೆ ಮನುಷ್ಯ ಹೇಗಾಗಿದ್ದಾನೆ."

ಪುರಾವೆ ಕಣ್ಣೆದುರು ಏಣಿ ಹತ್ತಿ ನಿಂತಿತ್ತು. ಆ ವಾರದಿಂದ ಬೆಳಗಿನ ಮೇಜುಗಳು ಒಂದೊಂದಾಗಿ ಖಾಲಿಯಾದವು. ಯಾರೋ ಅರ್ಜಿ ಹಾಕಿದರು. ನಗರಸಭೆಯ ಆಹಾರ ಇನ್‌ಸ್ಪೆಕ್ಟರು ಬಂದರು. ಉದ್ದಿನ ಹಿಟ್ಟನ್ನು ಬಾಟಲಿಗೆ ತುಂಬಿ ಅರಗು ಹಚ್ಚಿದರು. ಎಣ್ಣೆಯನ್ನೂ ತುಂಬಿದರು. ಮುದ್ದಣ್ಣನ ಉಗುರು ನೋಡಿದರು. ಕೆಲವು ದಿನ ಬಿಟ್ಟು ಮತ್ತೆ ಬಂದು, ಎಲ್ಲ ಸರಿಯಾಗಿದೆ, ಇಷ್ಟು ಶುದ್ಧ ಎಣ್ಣೆ ತಾವು ಈ ಬೀದಿಯಲ್ಲಿ ಕಂಡದ್ದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಕಿಟ್ಟಣ್ಣನಿಗೆ ಕಣ್ಣು ತುಂಬಿ ಬಂತು. ತಾನೇ ಕಾಫಿ ತಂದು ಎದುರಿಗಿಟ್ಟ.

"ನೀವು ಕುಡಿಯುವುದಿಲ್ಲವೇ?" ಎಂದರು ಇನ್‌ಸ್ಪೆಕ್ಟರು.

"ನಾನು ಬಿಟ್ಟಿದ್ದೇನೆ."

ಇನ್‌ಸ್ಪೆಕ್ಟರು ಲೋಟವನ್ನು ನೋಡಿದರು, ಕಿಟ್ಟಣ್ಣನನ್ನು ನೋಡಿದರು, ಲೋಟವನ್ನು ಎರಡು ಬೆರಳಿನಿಂದ ಆಚೆ ಸರಿಸಿದರು. "ನಾನೂ ಬಿಡಬೇಕೆಂದಿದ್ದೆ," ಎಂದು ಎದ್ದರು.

ಸಂಕ್ರಾಂತಿ ಕಳೆದ ವಾರ ಔರಂಗಾಬಾದಿನಿಂದ ಎಸ್.ಟಿ. ಬಸ್ಸಿನಲ್ಲಿ ರತ್ನಾಕರ ಬಂದಿಳಿದ. ಇವನೂ ಅದೇ ಮಾವನ ಸೋದರಳಿಯ. ಆ ಊರಿನ ಗುಲ್‌ಮಂಡಿಯ ಬಳಿ ಇವನದೂ ಒಂದು ಹೋಟೆಲು, ಅಲ್ಲಿಯೂ ಒಂದು ಮೊದಲ ಮೇಜು. ಬಂದವನು ಚೀಲವನ್ನು ಗಲ್ಲಾದ ಮೇಲೆ ಕುಕ್ಕಿದ.

"ಎಂತ ಮಾಡಿಟ್ಟಿದ್ದಿ ಮಾರಾಯ ನೀನು? ನಾಸಿಕದ ಮಾಲೀಕ ತಿನ್ನುದಿಲ್ಲವಂತೆ ಅಂತ ಅಲ್ಲಿವರೆಗೆ ಬಂದಿದೆ ಸುದ್ದಿ. ನಾನು ಒಂದು ಪ್ಲೇಟು ತಿಂದರೆ ಯಾರೂ ನಂಬುದಿಲ್ಲ ಈಗ. ಎರಡು ತಿನ್ನಬೇಕು. ಮೊನ್ನೆ ಒಬ್ಬ ವಕೀಲ ತನ್ನ ಖರ್ಚಿನಲ್ಲಿ ಮೂರನೆಯದನ್ನು ತರಿಸಿ ನನ್ನ ಎದುರಿಗಿಟ್ಟ."

"ತಿಂದೆಯಾ?"

"ತಿನ್ನದೆ? ಮೂವತ್ತು ಜನ ನೋಡ್ತಾ ಇದ್ದಾರೆ." ರತ್ನಾಕರ ಮೊದಲ ಮೇಜಿನ ಹತ್ತಿರ ಕೂರಲು ಹೋಗಿ, ಬೇಡವೆನಿಸಿ, ಎರಡನೆಯದರಲ್ಲಿ ಕೂತ. "ಮಾವನ ಕಿವಿಗೆ ಹೋದರೆ ಗೊತ್ತುಂಟಲ್ಲ? ಕೀಲಿಕೈ ಹೋಯಿತು ಅಂತಲೇ ಲೆಕ್ಕ. ನಾಳೆ ಬೆಳಿಗ್ಗೆ ನೀನು ತಿನ್ನಬೇಕು. ಎಲ್ಲರ ಎದುರು. ನಾನು ಈಗಲೇ ಬೀದಿಗೆ ಹೇಳಿ ಬರ್ತೇನೆ."

ಅವನು ಹೇಳಿಯೂ ಬಂದ. ಅಂಗಡಿ ಅಂಗಡಿಗೆ ಹೋಗಿ, ನಾಳೆ ಆರೂವರೆಗೆ ಕಿಟ್ಟಣ್ಣ ವಡೆ ತಿನ್ನಲಿದ್ದಾನೆ ಎಂದು ನಾಟಕದ ಕಂಪನಿಯವರಂತೆ ಸಾರಿದ. ರಾತ್ರಿ ಕಿಟ್ಟಣ್ಣ ಹೆಂಡತಿಗೆ, "ನಾಳೆ ಹೋಟೆಲು ಉಳೀಬೇಕೋ ಮೊಣಕಾಲು ಉಳೀಬೇಕೋ, ಒಂದು ಹೇಳು," ಎಂದ. ಆ ವಾರವೆಲ್ಲ ಜಲಜಾಕ್ಷಿ ಅಲ್ಲಿಯ ಹೆಂಗಸರ ಹಳದಿ-ಕುಂಕುಮಕ್ಕೆಂದು ಮನೆಮನೆ ತಿರುಗಿ ಸೆರಗಿನ ತುಂಬ ಎಳ್ಳುಂಡೆ ತಂದಿದ್ದಳು. ಜೊತೆಗೆ ಸುದ್ದಿಯನ್ನೂ ತಂದಿದ್ದಳು, ಅದೇನೆಂದು ಮಾತ್ರ ಮನೆಯಲ್ಲಿ ಯಾರೂ ಅವಳನ್ನು ವಿಚಾರಿಸಿರಲಿಲ್ಲ. "ಮಲಗಿ," ಎಂದಳು.

ಬೆಳಿಗ್ಗೆ ಬೀದಿ ತುಂಬಿತ್ತು. ಮಂಡಳಿ ಬಾಗಿಲಲ್ಲೇ ನಿಂತಿತ್ತು, ಒದ್ದೆ ಪಂಚೆ ಸಮೇತ. ವಿಶ್ವನಾಥಪ್ಪನವರು ಅಂಗಡಿ ತೆರೆಯದೆ ಬಂದಿದ್ದರು. ಕಿಟ್ಟಣ್ಣ ಮೊದಲ ಮೇಜಿನಲ್ಲಿ ಕೂತ. ಮಾಣಿಯ ಕೈಗೆ ಕೊಡದೆ ಮುದ್ದಣ್ಣನೇ ಪ್ಲೇಟು ಹೊತ್ತು ತಂದ: ಎರಡು ಇಡ್ಲಿ, ಸಾಂಬಾರಿನಲ್ಲಿ ವಡೆ, ಪಕ್ಕದಲ್ಲಿ ಕಾಫಿ. ಇಟ್ಟು, ಕೈಕಟ್ಟಿ ನಿಂತ. ಕಿಟ್ಟಣ್ಣ ವಡೆ ಮುರಿದ. ತುಂಡು ಬಾಯಿಯ ಹತ್ತಿರ ಬಂತು. ಮೇಜಿನ ಕೆಳಗೆ ಅವನ ಎಡಗೈ ತಾನಾಗಿಯೇ ಹೋಗಿ ಮೊಣಕಾಲನ್ನು ಹಿಡಿದುಕೊಂಡಿತು.

ಅದನ್ನು ಕಂಡವರು ವಿಶ್ವನಾಥಪ್ಪ ಒಬ್ಬರೇ. ನಾಗಮ್ಮನ ರೊಟ್ಟಿಗಳಿಗೆ ಬಂದ ಒಳ್ಳೆಯ ಹೆಸರು ಕಣ್ಣೆದುರೇ ಹಾಳಾಗುವುದನ್ನು ಅವರು ತಡೆಯಲಾರದಾದರು.

"ತಿನಬ್ಯಾಡ್ರಿ ಕಿಟ್ಟಣ್ಣಾರ. ಮತ್ತ ಮೊಣಕಾಲ ಹಿಡೀತಾವ."

ಕನ್ನಡ ಬಾರದವರಿಗೂ ಅವರು ತಮ್ಮ ಮೊಣಕಾಲು ತಟ್ಟಿ ತೋರಿಸಿದ್ದರಿಂದ ವಿಷಯ ತಿಳಿಯಿತು.

"ಮೊಣಕಾಲೇ?" ಎಂದರು ನಾನಾ.

ಕಿಟ್ಟಣ್ಣ ವಡೆಯ ತುಂಡನ್ನು ಪ್ಲೇಟಿಗೆ ಹಿಂದಿರುಗಿಸಿದ. ಇನ್ನು ಅವನ ಹತ್ತಿರ ಏಕಾದಶಿಯೂ ಉಳಿದಿರಲಿಲ್ಲ, ದೇವರೂ ಉಳಿದಿರಲಿಲ್ಲ. "ಮೊಣಕಾಲೇ, ನಾನಾ. ಏಳ್ಲಿಕ್ಕೆ ಆಗ್ತಿರಲಿಲ್ಲ, ಕೂರ್ಲಿಕ್ಕೆ ಆಗ್ತಿರಲಿಲ್ಲ. ದೇವಧರ ವೈದ್ಯರು ಉದ್ದು ಬಿಡಿ ಅಂದರು. ಬಿಟ್ಟೆ. ಮೂರು ಹೊತ್ತೂ ಅದನ್ನೇ ತಿಂದವ ನಾನು; ವಡೆಯ ತಪ್ಪಲ್ಲ ಅದು. ನಿಮಗೆ ಹೇಳಿದರೆ ನೀವು ಬರುದು ಬಿಡ್ತೀರಿ ಅಂತ ಹೇಳಲಿಲ್ಲ. ಹೇಳದ್ದಕ್ಕೂ ಬಿಟ್ಟಿರಿ."

ಬೀದಿ ನಗಬಹುದೆಂದು ಅವನು ಕಾದ. ಯಾರೂ ನಗಲಿಲ್ಲ. ನಾನಾ ಸಿಟ್ಟಿನಿಂದ ಒಂದು ಹೆಜ್ಜೆ ಮುಂದೆ ಬಂದರು.

"ಅಂದರೆ ದಿನಾ ತಿಂದ ನಿಮಗೆ ಮೊಣಕಾಲು ಹಿಡಿಯಿತು ಎನ್ನುತ್ತೀರಿ."

"ಹಿಡಿಯಿತು."

"ದೇವಧರರು ಹೇಳಿದ್ದು ಸರಿ ಎನ್ನುತ್ತೀರಿ."

"ಸರಿ, ನಾನಾ. ಇಳಿಯಿತಲ್ಲ."

"ಹಾಗಾದರೆ ನಮ್ಮ ಗತಿ?" ಎಂದು ನಾನಾ ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟರು. ಕೂರುವಾಗ ಅವರ ಮೊಣಕಾಲು ಕಿರುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. "ಅದೇ ದೇವಧರರು ನಮ್ಮೈವರಿಗೂ ಅದನ್ನೇ ಹೇಳಿದ್ದಾರೆ. ಅವರ ಮಾತು ಪೊಳ್ಳು, ಹೋಟೆಲಿನವನನ್ನು ನೋಡಿ, ದಿನಾ ತಿಂದರೂ ಗಟ್ಟಿಯಾಗಿದ್ದಾನೆ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡು ತಿನ್ನುತ್ತಿದ್ದೆವು. ನಮಗಿದ್ದದ್ದು ನೀವೊಬ್ಬರೇ ಸಾಕ್ಷಿ, ಕಿಟ್ಟಣ್ಣಾ. ನೀವು ಆ ಮೇಜು ಬಿಟ್ಟ ದಿನದಿಂದ ನನಗೆ ನಿದ್ದೆ ಇಲ್ಲ."

ಉಳಿದ ನಾಲ್ವರು ತಲೆ ತಗ್ಗಿಸಿ ತಮ್ಮ ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. ಬೀದಿಗೆ ಅರ್ಥವಾಯಿತು. ವಡೆಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಮುದುಕರ ಕೀಲುಗಳಲ್ಲಿ. ಹಿಂದಿನ ಸಾಲಿನವರು ಒಳಗೆ ಬಂದು ಕೂರತೊಡಗಿದರು.

"ಕೂತರೆ ಸಾಲದು," ಎಂದ ರತ್ನಾಕರ. "ಪ್ಲೇಟು ಆರ್ತಾ ಉಂಟು. ಮನೆಯ ಒಬ್ಬರು ತಿನ್ನದೆ ಬಡಿಸುವ ಹಾಗಿಲ್ಲ. ನನ್ನನ್ನು ನೋಡಬೇಡಿ, ಒಂದು ವಾರದ್ದು ಇನ್ನೂ ಇಲ್ಲೇ ಉಂಟು," ಎಂದು ಎದೆಯ ಹತ್ತಿರ ತೋರಿಸಿದ.

ಎಲ್ಲರೂ ಪ್ಲೇಟನ್ನು ನೋಡಿದರು. ಕಿಟ್ಟಣ್ಣ ಮತ್ತೆ ತುಂಡನ್ನು ಎತ್ತಿದ.

"ಸ್ವಲ್ಪ ಏಳಿ," ಎಂದಿತು ಹಿಂದಿನಿಂದ ಒಂದು ಸ್ವರ.

ಅಡುಗೆಮನೆಯ ಬಾಗಿಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಲಜಾಕ್ಷಿ ಬಂದಳು. ಹೋಟೆಲಿನವರ ಹೆಂಡಿರು ಮುಂದಿನ ಮೇಜುಗಳಿಗೆ ಬಂದು ಕೂರುವ ಪದ್ಧತಿ ಇರಲಿಲ್ಲ. ಅವಳೂ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೂತಿರಲಿಲ್ಲ. ಆದರೆ ಮಾವನ ನಿಯಮದಲ್ಲಿ ಗಂಡಸೇ ತಿನ್ನಬೇಕೆಂದು ಇರಲಿಲ್ಲ. ಈ ಸಂಗತಿ ಆ ಕ್ಷಣದವರೆಗೆ ಯಾರ ತಲೆಗೂ ಹೊಳೆದಿರಲಿಲ್ಲ. ಕಿಟ್ಟಣ್ಣ ಎದ್ದ, ಮೇಜನ್ನು ಹಿಡಿಯದೆ. ಅವಳು ಕೂತಳು. ಇಡ್ಲಿ ಮುರಿದಳು, ವಡೆಯನ್ನು ಸಾಂಬಾರಿನಲ್ಲಿ ಹೊರಳಿಸಿ ತಿಂದಳು, ಫ್ಯಾನಿನ ಕಡೆ ನೋಡುತ್ತ ನಿಧಾನವಾಗಿ ಅಗಿದಳು.

"ಸಾಂಬಾರಿಗೆ ಉಪ್ಪು ಸಾಲದು," ಎಂದಳು. "ವಡೆ ಒಳಗೆ ಇನ್ನೂ ಸ್ವಲ್ಪ ಬೇಯಬೇಕಿತ್ತು, ಮುದ್ದಣ್ಣ. ಇಡ್ಲಿ ಲಾಯ್ಕ ಉಂಟು. ಕಾಫಿಗೆ ಚಿಕೋರಿ ಇಷ್ಟು ಎಂತಕ್ಕೆ?"

ಮುದ್ದಣ್ಣ ಇನ್ನು ಏಪ್ರನ್ನು ಬಿಚ್ಚಿ ಎಸೆಯುತ್ತಾನೆಂದು ಕಿಟ್ಟಣ್ಣ ಕಾದ. ಮುದ್ದಣ್ಣ ಕಟ್ಟಿದ ಕೈ ಬಿಚ್ಚದೆ ನಿಂತಿದ್ದ; ಅವನ ಮುಖ ಅರಳಿತ್ತು.

"ಅಂತೂ ಈ ಮೇಜಿನಲ್ಲಿ ಒಬ್ಬರು ರುಚಿ ನೋಡಿ ತಿಂದರು ಅಕ್ಕ," ಎಂದು ಉಪ್ಪು ಹಾಕಲು ಓಡಿದ.

ಹೋಟೆಲು ಮೊದಲಿನಂತೆ ಗದ್ದಲಕ್ಕೆ ಬಂತು. ಮಂಡಳಿ ತನ್ನ ಮಾಮೂಲು ಮೂಲೆ ಹಿಡಿಯಿತು. ನಾನಾ ತಾವು ಈಗಷ್ಟೇ ಹೇಳಿದ್ದನ್ನು ಮರೆತವರಂತೆ, ಅಥವಾ ನಾಳೆಯಿಂದ ನೆನಪಿಟ್ಟುಕೊಳ್ಳುವವರಂತೆ, ಮಾಣಿಯನ್ನು ಕರೆದು, "ಇಡ್ಲಿ, ಎರಡು ವಡೆ," ಎಂದರು.

ಮೊದಲ ಮೇಜಿನಿಂದ ಜಲಜಾಕ್ಷಿ ಕಾಫಿಯ ಲೋಟ ಕೆಳಗಿಟ್ಟು ತನ್ನ ಮರಾಠಿಯಲ್ಲಿ ಕೇಳಿದಳು: "ನಾನಾ, ಹಳದಿ-ಕುಂಕುಮದಲ್ಲಿ ನಿಮ್ಮ ಮನೆಯವರು ಸಿಕ್ಕಿದ್ದರು. ವೈದ್ಯರು ಹೇಳಿದಾಗಿನಿಂದ ನೀವು ಸ್ನಾನ ಮಾಡಿ, ಬಾಯಿಗೆ ನೀರೂ ಹಾಕದೆ ನೇರ ಮನೆಗೆ ಬರುತ್ತೀರಂತೆ. ಬಹಳ ಹೊಗಳಿದರು. ಇವತ್ತು ಸಂಜೆ ನಮ್ಮ ಮನೆಗೆ ಬರುತ್ತಾರೆ."

ನಾನಾ ಮಾಣಿಯ ಕಡೆ ತಿರುಗಿದರು.

"ಒಂದು ಲೋಟ ಬಿಸಿನೀರು," ಎಂದರು. "ಇವತ್ತು ನನಗೆ ಏಕಾದಶಿ."

ಗಲ್ಲಾದ ಹಿಂದೆ ಗೋಡೆಯ ಕ್ಯಾಲೆಂಡರು ಪಂಚಮಿ ಎನ್ನುತ್ತಿತ್ತು. ಕಿಟ್ಟಣ್ಣ ಅದನ್ನೊಮ್ಮೆ ನೋಡಿದ, ನಾನಾರನ್ನೊಮ್ಮೆ ನೋಡಿದ.

"ಹೌದು, ನಾನಾ," ಎಂದ. "ನಮ್ಮ ಊರಿನ ಲೆಕ್ಕದಲ್ಲೂ ಇವತ್ತೇ."